ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ಬ್ಯಾಟರಿ ಪ್ಯಾಕ್: ಸೆಲ್ ಮೇಲೆ ಸೋಲ್ಡರ್ ಕೂರುತ್ತಿಲ್ಲ

ಪ್ರಶ್ನೆ, ತುಮಕೂರಿನಿಂದ:
ನಮಸ್ಕಾರ. 7.2 ವೋಲ್ಟ್ ಪ್ಯಾಕ್ ನಾನೇ ಕಟ್ಟುತ್ತಿದ್ದೇನೆ, ಸಬ್-ಸಿ ಅಳತೆಯ 6 ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಸೋಲ್ಡರಿಂಗ್ (ಬೆಸುಗೆ) ಐರನ್ 25 ವ್ಯಾಟ್‌ನದು. ಅರ್ಧ ನಿಮಿಷ ಒತ್ತಿ ಹಿಡಿದರೂ ಸೋಲ್ಡರ್ ಗುಂಡುಗುಂಡಾಗಿ ಉರುಳುತ್ತದೆ. ಅಂಟಿದ ಒಂದೆರಡು ಕೂಡ ಭಾನುವಾರ ಅಮಾನಿಕೆರೆ ಹತ್ತಿರ ಓಡಿಸುವಾಗ ಮೊದಲ ಜಂಪ್‌ಗೇ ಕಿತ್ತುಬಂದವು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1:
ಅಷ್ಟು ಹೊತ್ತು ಹಿಡಿಯಲೇಬೇಡಿ ಸಾರ್, ಒಳಗಿನ ಸೆಪರೇಟರ್ (ಪ್ಲಸ್, ಮೈನಸ್ ಪದರ ತಾಗದಂತೆ ಇಡುವ ಹಾಳೆ), ಸೀಲ್ ಎರಡೂ ಹಾಳಾಗುತ್ತವೆ. ಸೆಲ್‌ನ ಲೋಹದ ಡಬ್ಬಿ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ, ಅದಕ್ಕೆ ಸಣ್ಣ ಐರನ್ ಸಾಲದು. 80 ವ್ಯಾಟ್‌ನದು, ದಪ್ಪ ಚಪ್ಪಟೆ ಬಿಟ್ (ಐರನ್ ತುದಿ) ಹಾಕಿ. ಸೆಲ್‌ನ ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿ, ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ಬಳಸುವ ಪೇಸ್ಟ್) ಹಚ್ಚಿ, ಮೊದಲು ಸೆಲ್‌ಗೂ ವೈರ್‌ಗೂ ಬೇರೆ ಬೇರೆಯಾಗಿ ಸೋಲ್ಡರ್ ಹಿಡಿಸಿ, ಆಮೇಲೆ ಎರಡನ್ನೂ ಸೇರಿಸಿದರೆ 2-3 ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಆರುವ ತನಕ ಅಲುಗಾಡಿಸಬೇಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ ಇದನ್ನೇ 18650 ಅಳತೆಯ ಲಿಥಿಯಂ ಸೆಲ್ ಮೇಲೆ ಮಾಡಬೇಡಿ, ದಯವಿಟ್ಟು. ಅದಕ್ಕೆ ನಿಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡ್ (ಕ್ಷಣ ಮಾತ್ರ ಕರೆಂಟ್ ಹರಿಸಿ ಬೆಸೆಯುವುದು) ಮಾಡಬೇಕು, ಬಿಸಿ ಜಾಸ್ತಿಯಾದರೆ ಬೆಂಕಿ ಹತ್ತಬಹುದು. ಇನ್ನೊಂದು, ಕನೆಕ್ಟರ್ ಬದಲಿಸುವಾಗ ಕೆಂಪು, ಕಪ್ಪು ವೈರ್ ಎರಡನ್ನೂ ಒಟ್ಟಿಗೆ ಕತ್ತರಿಸಬೇಡಿ, ಕಟರ್‌ನಲ್ಲೇ ಶಾರ್ಟ್ ಆಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಹಾಗಾದರೆ ನಾನು ಅರ್ಧ ನಿಮಿಷ ಬಿಸಿ ಮಾಡಿದ ಸೆಲ್ ಮತ್ತೆ ಬಳಸಬಹುದಾ?

ಉತ್ತರ 1:
ಬೇಡ. ಒಂದು ಸೆಲ್ ಸೋತರೂ ಇಡೀ ಪ್ಯಾಕ್ ಸೋಲುತ್ತದೆ. ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌.ಪಿ. ರಸ್ತೆಯಲ್ಲಿ ಹುಡುಕಿ, ಆರೂ ಒಂದೇ ಥರದವು ತನ್ನಿ.