ಸೆಂಟ್ರಲ್ ಲಾಕ್ 'ಟಕ್' ಅಂದು ಮತ್ತೆ 'ಟಕ್' ಅಂತ ತೆರೆದುಕೊಳ್ಳುತ್ತಿದೆ: ಅನುಭವ ಇದ್ದವರು ಹೇಳಿ

ಕೇಳಿದವರು, ತುಮಕೂರು

ನಮ್ಮ ಕಾರು 2013ರದ್ದು, ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸೆಂಟ್ರಲ್ ಲಾಕ್ ಕಾರಿನ ಜೊತೆಗೇ ಬಂದದ್ದು, ಹೊರಗೆ ಹಾಕಿಸಿದ್ದಲ್ಲ. ಮೂರು ವಾರದಿಂದ ಒಂದು ಕಾಟ ಶುರುವಾಗಿದೆ. ರಿಮೋಟ್ ಒತ್ತಿದರೆ 'ಟಕ್' ಅಂತ ಲಾಕ್ ಆಗುತ್ತದೆ, ಅದರ ಹಿಂದೆಯೇ ಇನ್ನೊಂದು 'ಟಕ್', ಎಲ್ಲಾ ಓಪನ್. ಕೆಲವು ದಿನ ಏನೂ ಆಗೇ ಇಲ್ಲ ಅನ್ನುವ ಹಾಗೆ ಸರಿಯಾಗಿರುತ್ತದೆ. ಗ್ಯಾರೇಜಿಗೆ ಒಯ್ದ ದಿನವಂತೂ ಖಂಡಿತ ಸರಿಯಾಗಿರುತ್ತದೆ. ಹಿಂದಿನ ಎಡಗಡೆ ಡೋರ್ ಬೇರೆ ಒಳಗಿನಿಂದ ತೆಗೆಯೋಕೇ ಬರುತ್ತಿಲ್ಲ, ಹೊರಗಿನಿಂದ ಮಾತ್ರ ತೆರೆಯುತ್ತದೆ. ಡ್ರೈವರ್ ಡೋರಿನ ಸ್ಪೀಕರ್ ಕೂಡ ಆಗಾಗ ಕರಕರ ಅಂದು ನಿಂತುಬಿಡುತ್ತದೆ. ಅದು ಬಿಡಿ, ಹಳೇ ಕಾರು. ಗ್ಯಾರೇಜಿನವರು ನಾಲ್ಕೂ ಡೋರಿನ ಮೋಟರ್, ಜೊತೆಗೆ ಕಂಟ್ರೋಲ್ ಯೂನಿಟ್ ಎಲ್ಲಾ ಬದಲಿಸಬೇಕು, 18 ಸಾವಿರ ಆಗುತ್ತೆ ಅಂದರು. ಹಾಕಿಸಲಾ, ಬೇಡವಾ?

ದಾವಣಗೆರೆಯಿಂದ

ಮೊದಲು ರಿಮೋಟಿನ ಸೆಲ್ ಬದಲಿಸಿ ಸಾರ್. ನನ್ನದು ಡೋರಿಗೆ ಮುತ್ತು ಕೊಡುವಷ್ಟು ಹತ್ತಿರ ಹೋದರೆ ಮಾತ್ರ ಕೆಲಸ ಮಾಡುತ್ತಿತ್ತು. ಸೆಲ್ ಹಾಕಿದ ಮೇಲೆ ಮನೆಯ ಮೂರನೇ ಮಹಡಿಯಿಂದ ಒತ್ತಿದರೂ ಲಾಕ್ ಆಗುತ್ತಿದೆ. ವಾಚ್ ಅಂಗಡಿಯಲ್ಲಿ ಸಿಗುತ್ತೆ. ಹಳೆಯದರ ಬೆನ್ನ ಮೇಲಿನ ನಂಬರ್ ನೋಡಿಕೊಂಡೇ ತಗೊಳ್ಳಿ. ಸಿಆರ್2032, 2016, 1620 ಎಲ್ಲಾ ನೋಡೋಕೆ ಒಂದೇ ಥರ, ದಪ್ಪ ಅಗಲ ಬೇರೆ ಬೇರೆ.

ಹಾಸನದಿಂದ

ಸೆಲ್ ಬದಲಿಸಿ, ಬೇಡ ಅನ್ನಲ್ಲ. ಆದರೆ ಇವರ ರಿಮೋಟಿನ ಸಿಗ್ನಲ್ ಕಾರಿಗೆ ತಲುಪುತ್ತಿದೆ. ತಲುಪದಿದ್ದರೆ ಮೊದಲನೇ ಟಕ್ ಕೂಡ ಬರುತ್ತಿರಲಿಲ್ಲ, ಅಲ್ವಾ? ಫ್ಯೂಸ್ ಕೂಡ ಅಲ್ಲ. ನಾಲ್ಕೂ ಡೋರ್ ಒಟ್ಟಿಗೆ ಸತ್ತಿದ್ದರೆ ಫ್ಯೂಸ್ ನೋಡಬೇಕಿತ್ತು. (ನೋಡುವವರಿಗೆ ಒಂದು ಮಾತು: 15 ಆಂಪ್ ನೀಲಿ, 20 ಆಂಪ್ ಹಳದಿ. ಯಾವ ಬಣ್ಣ ಇತ್ತೋ ಅದೇ ಬಣ್ಣ ಹಾಕಿ. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ಕಾರಿಗೆ ಬೆಂಕಿ ಹಚ್ಚಿಕೊಳ್ಳಬೇಡಿ.)

ಇದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ. ಪ್ರತಿ ಡೋರಿನೊಳಗೂ ಅಂಗೈಯಷ್ಟು ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರೊಳಗೆ 12 ವೋಲ್ಟಿನ ಪುಟ್ಟ ಮೋಟರ್, ಒಂದೆರಡು ಹಲ್ಲಿನ ಚಕ್ರ. ಕರೆಂಟು ಒಂದು ದಿಕ್ಕಿಗೆ ಹರಿದರೆ ಲಾಕ್, ಪ್ಲಸ್ ಮೈನಸ್ ಅದಲು ಬದಲಾದರೆ ಅನ್‌ಲಾಕ್. ಅದೂ ಒಂದು ಸೆಕೆಂಡಿಗಿಂತ ಕಮ್ಮಿ ಹೊತ್ತು. ಡ್ರೈವರ್ ಡೋರಿನ ಡಬ್ಬಿಯಲ್ಲಿ ಇನ್ನೊಂದು ಚಿಕ್ಕ ಸ್ವಿಚ್ ಇರುತ್ತದೆ. 'ನಾನು ಲಾಕ್ ಆದೆ' ಅಂತ ಕಂಟ್ರೋಲ್ ಯೂನಿಟ್ಟಿಗೆ ವರದಿ ಒಪ್ಪಿಸೋದು ಅದರ ಕೆಲಸ. ಹಲವು ಕಾರುಗಳಲ್ಲಿ ಆ ವರದಿ ಬರದಿದ್ದರೆ ಯೂನಿಟ್ಟು ಡ್ರೈವರ್ ಡೋರ್ ಇನ್ನೂ ತೆರೆದೇ ಇದೆ ಅಂದುಕೊಂಡು ಎಲ್ಲವನ್ನೂ ಮತ್ತೆ ತೆರೆಯುತ್ತದೆ. ನಿಮ್ಮ ಎರಡನೇ ಟಕ್ ಅದೇ ಅಂತ ನನ್ನ ಗುಮಾನಿ. ಹಾಗಾಗಿ ನಾಲ್ಕು ಮೋಟರಿನ ಮಾತು ಬಿಟ್ಟು ಒಂದೇ ಡೋರ್ ನೋಡಿ.

ದುಡ್ಡಿಲ್ಲದ ಪರೀಕ್ಷೆ ಒಂದಿದೆ. ನೀವು ಕಾರಿನೊಳಗೆ ಕೂತು, ಗಾಜು ಏರಿಸಿ, ಎಂಜಿನ್, ಫ್ಯಾನ್, ರೇಡಿಯೋ ಎಲ್ಲಾ ಆಫ್ ಮಾಡಿ. ಮನೆಯವರ ಕೈಗೆ ರಿಮೋಟ್ ಕೊಟ್ಟು ಹೊರಗಿನಿಂದ ಒತ್ತಲು ಹೇಳಿ. ಡ್ರೈವರ್ ಡೋರಿನ ಪ್ಯಾಡ್ (ಒಳಗಡೆಯ ಹೊದಿಕೆ) ಮೇಲೆ ಅಂಗೈ ಇಟ್ಟುಕೊಳ್ಳಿ. ಗಟ್ಟಿಯಾಗಿ ಕುಟ್ಟಿದ ಹಾಗೆ ಕೈಗೆ ತಾಗಿದರೆ ಮೋಟರ್ ಆರೋಗ್ಯವಾಗಿದೆ. 'ಗುಂಯ್' ಅಂದು ಲಾಕಿನ ಗುಬಟು ಅಲ್ಲಾಡದಿದ್ದರೆ ಹಲ್ಲು ಸವೆದಿದೆ, ಇಲ್ಲಾ ಕಡ್ಡಿ ಕಳಚಿದೆ. ಅರ್ಧ ದಾರಿ ಹೋಗಿ ಸೋತು ನಿಂತರೆ ಮೋಟರ್ ಮುದಿಯಾಗಿದೆ, ಅಥವಾ ಲಾಕಿನ ಗ್ರೀಸ್ ಒಣಗಿದೆ. ಸದ್ದೇ ಇಲ್ಲದಿದ್ದರೆ ಅಲ್ಲಿಗೆ ಕರೆಂಟೇ ಹೋಗುತ್ತಿಲ್ಲದಿರಬಹುದು. ಪರೀಕ್ಷೆ ಮಾಡ್ತಾ ಮಾಡ್ತಾ ಇಪ್ಪತ್ತು ಸಲ ಒತ್ತಬೇಡಿ. ಬಿಸಿಯಾದರೆ ಸುಟ್ಟುಹೋಗದಂತೆ ಎಷ್ಟೋ ಕಾರುಗಳಲ್ಲಿ ಲಾಕ್ ಸ್ವಲ್ಪ ಹೊತ್ತು ತಾನಾಗಿ ಕೈಕಟ್ಟಿ ಕೂರುತ್ತದೆ. ನಾನು ಒಮ್ಮೆ ಹಾಗೇ ಒತ್ತಿ ಒತ್ತಿ, ಮೋಟರ್ ಸತ್ತೇಹೋಯ್ತು ಅಂತ ಹೊಸದು ತಂದಿದ್ದೆ. ತರುವಷ್ಟರಲ್ಲಿ ಹಳೆಯದು ಸರಿಯಾಗಿತ್ತು.

ಇನ್ನು ಹಿಂದಿನ ಡೋರು. ನಗಬೇಡಿ, ಅದು ಚೈಲ್ಡ್ ಲಾಕ್, ಮಕ್ಕಳು ಒಳಗಿನಿಂದ ಡೋರ್ ತೆಗೆಯದಂತೆ ಇರುವುದು. ಡೋರ್ ತೆಗೆದು ಅದರ ಅಂಚು ನೋಡಿ. ಲಾಕಿನ ಹತ್ತಿರ ಒಂದು ಪುಟ್ಟ ಕಡ್ಡಿ, ಇಲ್ಲವೇ ಕೀ ತುದಿ ಹಾಕಿ ತಿರುಗಿಸುವ ಸೀಳು ಇರುತ್ತದೆ. ಕಾರು ಒರೆಸುವಾಗ ಬಟ್ಟೆ ತಾಗಿ ಆ ಕಡ್ಡಿ ಸರಿದು ಲಾಕ್ ಆಗಿರಬಹುದು.

ಮಂಗಳೂರಿನಿಂದ

ನಮ್ಮ ಕಡೆಯವರಿಗೆ ಈ ಕಾಯಿಲೆ ಬರೋದು ನೀರಿನಿಂದ. ನಾನು ಡೋರಿಗೆ ಹೊಸ ಸ್ಪೀಕರ್ ಹಾಕಿಸಿದ್ದೆ. ಹಾಕಿದ ಹುಡುಗ ಡೋರ್ ಪ್ಯಾಡಿನ ಹಿಂದೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಹಾಗೇ ಬಿಟ್ಟಿದ್ದ. ಗಾಜಿನ ಮೇಲೆ ಬಿದ್ದ ಮಳೆನೀರು ಡೋರಿನೊಳಕ್ಕೆ ಇಳಿಯೋದು ಸಹಜ, ಕೆಳಗಿನ ತೂತುಗಳಿಂದ ಹರಿದುಹೋಗುತ್ತದೆ. ಆ ನೀರು ಈಚೆ ಬರದಂತೆ ತಡೆಯೋದು ಆ ಹಾಳೆ. ನನ್ನ ಡೋರಿನ ತೂತುಗಳೂ ಕೆಸರು, ಎಲೆ ತುಂಬಿ ಮುಚ್ಚಿಹೋಗಿದ್ದವು. ಡೋರ್ ಹಾಕಿದರೆ ಒಳಗೆ ಕೊಡದಲ್ಲಿ ನೀರು ತುಳುಕಿದ ಸದ್ದು! ಜುಲೈ ಮುಗಿಯೋದರೊಳಗೆ ಕನೆಕ್ಟರಿನ ಪಿನ್ನುಗಳು ಹಸಿರು ಹಿಡಿದಿದ್ದವು. ತುಮಕೂರಿನಲ್ಲಿ ಅಷ್ಟು ಮಳೆ ಇಲ್ಲ, ಆದರೂ ಡೋರಿನ ಕೆಳಗೆ ಬೆರಳಾಡಿಸಿ ನೋಡಿ. ತೆಂಗಿನಗರಿಯ ಕಡ್ಡಿ ಇದ್ದರೆ ಸಾಕು, ತೂತು ಬಿಡಿಸೋಕೆ.

ಲಾಕಿಗೆ ಕೊಬ್ಬರಿ ಎಣ್ಣೆ ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ಅಪ್ಪ ಬಿಟ್ಟಿದ್ದರು. ಎರಡು ತಿಂಗಳಲ್ಲಿ ದೂಳು ಕೂತು ಹಲ್ವದ ಥರ ಆಗಿತ್ತು. ಬಿಳಿ ಲಿಥಿಯಂ ಗ್ರೀಸ್ ಸಿಗುತ್ತದೆ, ಅದು ಒಳ್ಳೆಯದು.

ಹುಬ್ಬಳ್ಳಿಯಿಂದ

ನಾನು ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡೋನು. ತುಮಕೂರಿನವರೇ, ಸ್ಪೀಕರ್ ಬಗ್ಗೆ 'ಅದು ಬಿಡಿ' ಅಂದಿರಲ್ಲ, ಅದನ್ನ ಬಿಡಬಾರದು ನೋಡ್ರಿ. ಒಂದೇ ಡೋರಿನಲ್ಲಿ ಸ್ಪೀಕರೂ ಕೈಕೊಡ್ತದೆ, ಲಾಕೂ ಕೈಕೊಡ್ತದೆ ಅಂದರೆ ಎರಡೂ ಒಟ್ಟಿಗೆ ಹಾದುಹೋಗುವ ಜಾಗ ಯಾವುದು ಅಂತ ನೋಡಬೇಕು. ಡೋರಿಗೂ ಕಾರಿನ ಕಂಬಕ್ಕೂ ನಡುವೆ, ಹಿಂಜಿನ ಹತ್ತಿರ, ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆ ಇರುತ್ತದೆ. ಡೋರಿನ ಎಲ್ಲಾ ವೈರು ಅದರೊಳಗಿಂದಲೇ ಹೋಗುತ್ತವೆ. ಡೋರ್ ತೆಗೆದು ಹಾಕಿದಾಗೆಲ್ಲ ಅವು ಮಡಚಿ ಬಿಚ್ಚುತ್ತವೆ. ಹತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಆಗಿರಬೇಕು, ನೀವೇ ಲೆಕ್ಕ ಹಾಕ್ರಿ. ಅದಕ್ಕೇ ಮೊದಲು ಹೋಗೋದು ಡ್ರೈವರ್ ಡೋರಿನದು.

ಪವರ್ ವಿಂಡೋ ಸ್ವಿಚ್ ಒತ್ತಿ ಹಿಡಿದು ಡೋರನ್ನು ನಿಧಾನವಾಗಿ ಆಚೀಚೆ ಆಡಿಸಿ. ಒಂದು ಕೋನದಲ್ಲಿ ಗಾಜು ನಿಂತು, ಇನ್ನೊಂದು ಕೋನದಲ್ಲಿ ಮತ್ತೆ ಹೊರಟರೆ ಬೇರೆ ಪುರಾವೆ ಬೇಡ. ಗಾಜು ಸರಿ ಇದ್ದರೆ ಹಾಡು ಹಚ್ಚಿ ಅದೇ ಥರ ಆಡಿಸಿ. ಆಮೇಲೆ ರಬ್ಬರನ್ನು ಒಂದು ಬದಿಯಿಂದ ಕಿತ್ತು ಹಿಂದಕ್ಕೆ ಸರಿಸಿ, ಒಂದೊಂದೇ ವೈರು ಹಿಡಿದು ಮೆಲ್ಲಗೆ ಎಳೀರಿ. ಒಳ್ಳೆಯ ವೈರು ಬಿಗಿಯಾಗಿರುತ್ತದೆ. ಒಳಗೆ ತಂತಿ ಕಟ್ ಆದದ್ದು ಹೊರಗೆ ಸಿಪ್ಪೆ ಸರಿಯಾಗಿದ್ದರೂ ಎಳೆದಾಗ ಶಾವಿಗೆ ಹಾಗೆ ಹಿಗ್ಗುತ್ತದೆ. ಕಣ್ಣಿಗೆ ಮೋಸ ಆಗೋದು ಇಲ್ಲೇ.

ಜೋಡಿಸುವಾಗ ಬಹಳ ಮಂದಿ ತಪ್ಪು ಮಾಡುತ್ತಾರೆ. ತುಂಡಾದ ಜಾಗದಲ್ಲೇ ತಿರುಚಿ, ಬೆಸುಗೆ ಹಾಕಿ, ಟೇಪು ಸುತ್ತಿ ಕಳಿಸುತ್ತಾರೆ. ಬೆಸುಗೆ ಹಾಕಿದ ಕಡೆ ವೈರು ಕಡ್ಡಿ ಹಾಗೆ ಗಟ್ಟಿ ಆಗುತ್ತದೆ. ಮಡಚುವ ಜಾಗದಲ್ಲಿ ಗಟ್ಟಿ ಇದ್ದರೆ ಅದರ ಪಕ್ಕದಲ್ಲೇ ಮತ್ತೆ ಮುರೀತದೆ, ಆರು ತಿಂಗಳು ಬಾಳಿದರೆ ಜಾಸ್ತಿ. ಎಳೆ ಜಾಸ್ತಿ ಇರುವ ಮೆತ್ತನೆ ವೈರು ತಂದು, ಉದ್ದ ತುಂಡು ಹಾಕಿ, ಒಂದು ಜಾಯಿಂಟು ಡೋರಿನೊಳಗೆ, ಇನ್ನೊಂದು ಕಾರಿನೊಳಗೆ ಬರುವಂತೆ ಮಾಡಿ. ರಬ್ಬರಿನೊಳಗೆ ಜಾಯಿಂಟೇ ಇರಬಾರದು. ಕೈ ಹಾಕುವ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಹ್ಞಾಂ, ಡಿಕ್ಕಿ ಲಾಕ್ ಕೈಕೊಟ್ಟು, ಜೊತೆಗೆ ನಂಬರ್ ಪ್ಲೇಟಿನ ದೀಪವೋ ಹಿಂದಿನ ವೈಪರೋ ಹೋಗಿದ್ದರೆ ಅಲ್ಲೂ ಇದೇ ಕಥೆ, ಡಿಕ್ಕಿ ಹಿಂಜಿನ ರಬ್ಬರಿನಲ್ಲಿ.

ಬೆಂಗಳೂರಿನಿಂದ

ಮೇಲಿನವರು ಹೇಳಿದ್ದು ಸರಿ. ನನ್ನದು ಒಂದೇ ತಕರಾರು, ಎಲ್ಲರೂ ಮನೆಯಲ್ಲಿ ಬಿಚ್ಚೋಕೆ ಹೋಗಬೇಡಿ. ನಾನು ಬಿಚ್ಚಿದೆ. ಹಿಡಿಕೆಯ ಮುಚ್ಚಳದ ಹಿಂದೆ ಒಂದು ಸ್ಕ್ರೂ ಅಡಗಿದ್ದು ಗೊತ್ತಾಗದೆ ಎಳೆದು ಡೋರ್ ಪ್ಯಾಡ್ ಸೀಳಿಸಿಕೊಂಡೆ. ಕ್ಲಿಪ್ಪುಗಳು ಐದು ಮುರಿದವು. ಕ್ಲಿಪ್ಪಿಗಾಗಿ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದೆ. ಈಗಲೂ ರಸ್ತೆಯ ಗುಂಡಿಗೆ ಇಳಿಸಿದರೆ ಡೋರು ಗಿಲಕಿ ಆಡಿಸುತ್ತದೆ.

ಮತ್ತೆ, ಇದು ಸರಿಯಾಗುವ ತನಕ ಕೀಲಿಯಿಂದ ತೆಗೆಯೋದು ಅಭ್ಯಾಸ ಮಾಡಿಕೊಳ್ಳಿ. ನಾನು ಏಳು ವರ್ಷ ರಿಮೋಟಿನಲ್ಲೇ ತೆಗೆದು, ಒಂದಿನ ಕಾರಿನ ಬ್ಯಾಟರಿ ಕೂತಾಗ ಕೀ ಹಾಕಿದರೆ ತಿರುಗಲೇ ಇಲ್ಲ, ಒಳಗೆ ತುಕ್ಕು. ಬ್ಯಾಟರಿ ಇರೋದು ಬಾನೆಟ್ ಕೆಳಗೆ, ಬಾನೆಟ್ ತೆಗೆಯುವ ಲಿವರ್ ಇರೋದು ಕಾರಿನೊಳಗೆ!

ಕೇಳಿದವರು, ಒಂಬತ್ತು ದಿನದ ನಂತರ

ಎಲ್ಲರಿಗೂ ನಮಸ್ಕಾರ. ಹಾಸನದವರ ಪರೀಕ್ಷೆ ಮಾಡಿದೆ. ಮೂರು ಡೋರಿನಲ್ಲಿ ಗಟ್ಟಿ ಸದ್ದು, ಡ್ರೈವರ್ ಡೋರಿನ ಗುಬಟು ಅಲುಗಾಡಲೇ ಇಲ್ಲ, ಅಂಗೈಗೆ ಏನೂ ತಾಗಲಿಲ್ಲ. ಆಮೇಲೆ ಹಾಡು ಹಚ್ಚಿ ಡೋರ್ ಆಡಿಸಿದೆ. ಅರ್ಧ ತೆರೆದಾಗ ಸ್ಪೀಕರ್ ನಿಂತಿತು, ಪೂರ್ತಿ ತೆರೆದಾಗ ಮತ್ತೆ ಹಾಡಿತು. ಹೆಂಡತಿ ಹೊರಗೆ ಬಂದು, ಅಕ್ಕಪಕ್ಕದವರು ನೋಡ್ತಿದ್ದಾರೆ, ಡೋರಿಗೆ ಗಾಳಿ ಹಾಕೋದು ನಿಲ್ಲಿಸಿ ಅಂದಳು.

ನಾನು ಬಿಚ್ಚಲಿಲ್ಲ, ಬೆಂಗಳೂರಿನವರ ಮಾತು ಕೇಳಿ ಹೆದರಿದೆ. ಇಲ್ಲೇ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ 'ರಬ್ಬರ್ ಒಳಗೆ ನೋಡಿ' ಅಂತ ಮಾತ್ರ ಹೇಳಿದೆ. ಎರಡು ವೈರು ಕಟ್ ಆಗಿದ್ದವು, ಮೂರನೆಯದು ಎಳೆದರೆ ನಿಜವಾಗಿಯೂ ಶಾವಿಗೆ. ಜಾಯಿಂಟು ರಬ್ಬರಿನೊಳಗೆ ಬೇಡ ಅಂದಾಗ ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು, ಆದರೆ ಹಾಗೇ ಮಾಡಿದರು. ಮೂರು ಗಂಟೆ ಕೆಲಸ, 900 ರೂಪಾಯಿ. ಇವತ್ತಿಗೆ ಆರು ದಿನ, ಎರಡನೇ ಟಕ್ ಬಂದಿಲ್ಲ.

ಹಿಂದಿನ ಡೋರು ಚೈಲ್ಡ್ ಲಾಕೇ. ಗ್ಯಾರೇಜಿನವರು ಅದಕ್ಕೂ ಸೇರಿಸಿ ಲೆಕ್ಕ ಕೊಟ್ಟಿದ್ದರು.

ಹುಬ್ಬಳ್ಳಿಯವರಿಗೆ ಒಂದು ಪ್ರಶ್ನೆ: ಎಡಗಡೆ ಮುಂದಿನ ಡೋರಿನ ರಬ್ಬರ್ ಸರಿಸಿ ನೋಡಿದೆವು. ಕಟ್ ಆಗಿಲ್ಲ, ಆದರೆ ಒಂದು ವೈರಿನ ಸಿಪ್ಪೆ ಬಿರುಕು ಬಿಟ್ಟು ತಾಮ್ರ ಕಾಣುತ್ತಿದೆ. ಈಗಲೇ ಮಾಡಿಸಲಾ, ಕಾಯಲಾ?

ಹುಬ್ಬಳ್ಳಿಯಿಂದ

ತಾಮ್ರ ಕಂಡರೆ ಕಾಯಬೇಡ್ರಿ. ಪಕ್ಕದ ವೈರಿಗೋ ಬಾಡಿಗೋ ತಾಗಿದರೆ ಫ್ಯೂಸ್ ಹಾರಬಹುದು, ಅದು ಲಾಕಿನ ಫ್ಯೂಸ್ ಆದರೆ ನಾಲ್ಕೂ ಡೋರ್ ಒಟ್ಟಿಗೆ ಸಾಯ್ತಾವ. ಈ ವಾರವೇ ಮಾಡಿಸಿ. ಅಲ್ಲಿಯವರೆಗೆ ಕೀಲಿ ಜೇಬಿನಲ್ಲೇ ಇರಲಿ.