ಕ್ರೂಸ್‌ಗೆ ಹೊರಟಿದ್ದೇವೆ, ವಿಮಾನದಲ್ಲಿ 15 ಕೆಜಿ ಅಷ್ಟೇ: ಏನು ಒಯ್ಯೋದು, ಏನು ಬಿಡೋದು?

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ನಮಸ್ಕಾರ ಸರ್. ನಾನು, ನಮ್ಮ ಯಜಮಾನರು, ಅತ್ತೆ, ಮಾವ, ಹೀಗೆ ನಾಲ್ಕು ಜನ. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿ ವಾಪಸ್ ಸಿಂಗಪುರಕ್ಕೇ ಬರುವ 4 ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ಅದಕ್ಕೆ ಮೊದಲು 2 ದಿನ ಸಿಂಗಪುರ. ಹುಬ್ಬಳ್ಳಿ–ಬೆಂಗಳೂರು ಒಂದು ಟಿಕೆಟ್, ಬೆಂಗಳೂರು–ಸಿಂಗಪುರ ಇನ್ನೊಂದು. ಮೊದಲನೆಯದರಲ್ಲಿ ಚೆಕ್‌ಇನ್ 15 ಕೆಜಿ, ಎರಡನೆಯದರಲ್ಲಿ 25 ಕೆಜಿ. ಕೈಬ್ಯಾಗು ಎರಡರಲ್ಲೂ 7 ಕೆಜಿ. ಹೋಗಿ ಬಂದ ಗೆಳತಿ ‘ಹಡಗಿನಲ್ಲಿ ಯಾರೂ ತೂಕ ನೋಡುವುದಿಲ್ಲ, ಆರಾಮಾಗಿ ತುಂಬಿಕೊಂಡು ಹೋಗು’ ಅನ್ನುತ್ತಾಳೆ. ಅತ್ತೆಯವರು ಆಗಲೇ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಂಟಿನುಂಡೆ ಎಂದು ಪಟ್ಟಿ ಹಾಕಿದ್ದಾರೆ. ಏನು ಮಾಡಬೇಕು ತಿಳಿಸಿ.

ಉತ್ತರ (ಟೂರ್ ಮ್ಯಾನೇಜರ್): ಮೇಡಂ, ನಿಮ್ಮ ಗೆಳತಿ ಹೇಳಿದ್ದು ಸುಳ್ಳಲ್ಲ. ಹಡಗಿನವರು ತೂಕದ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಹಡಗಿನ ತನಕ ಹೋಗಬೇಕಲ್ವಾ?

ನಿಮ್ಮ ಲೆಕ್ಕ 25 ಕೆಜಿ ಅಲ್ಲ, 15 ಕೆಜಿ. ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದಿದ್ದರೆ ಸಾಮಾನ್ಯವಾಗಿ ವಿದೇಶ ಪ್ರಯಾಣದ ಮಿತಿಯೇ ಹುಬ್ಬಳ್ಳಿಯಿಂದಲೂ ನಡೆಯುತ್ತಿತ್ತು. ಬೇರೆ ಬೇರೆ ಟಿಕೆಟ್ ಆದ್ದರಿಂದ ಹುಬ್ಬಳ್ಳಿ ಕೌಂಟರ್‌ನವರಿಗೆ ನೀವು ಬೆಂಗಳೂರಿಗೆ ಹೋಗುವ ಪ್ರಯಾಣಿಕರು, ಅಷ್ಟೇ. ವಾಪಸ್ ಬರುವಾಗಲೂ ಹಾಗೇ. ಬೆಂಗಳೂರಿನಲ್ಲಿ ಬ್ಯಾಗು ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಚೆಕ್‌ಇನ್ ಮಾಡಬೇಕು. ಆಗ ಸಿಂಗಪುರದ ಮುಸ್ತಫಾ ಸೆಂಟರ್ ಅಂಗಡಿಯ ಚಾಕೊಲೇಟು, ಟೈಗರ್ ಬಾಮು ಎಲ್ಲ ಸೇರಿ ಮತ್ತದೇ 15 ಕೆಜಿ. ಅದಕ್ಕೇ ಹೋಗುವಾಗ 12ಕ್ಕೆ ನಿಲ್ಲಿಸಿ ಅನ್ನುತ್ತೇನೆ.

ಮೊದಲು ಖಾಲಿ ಸೂಟ್‌ಕೇಸ್ ತೂಗಿ. ದೊಡ್ಡ ಗಟ್ಟಿ ಟ್ರಾಲಿಗಳು ಖಾಲಿ ಇದ್ದಾಗಲೇ 4–5 ಕೆಜಿ ಬರುತ್ತವೆ. 15ರಲ್ಲಿ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಮಧ್ಯಮ ಸೈಜಿನ ಬಟ್ಟೆಯ ಟ್ರಾಲಿ ತಗೊಳ್ಳಿ. ಮಂಚದ ಕೆಳಗೂ ಹಿಡಿಯುತ್ತದೆ. ಹಡಗಿನ ರೂಮು ಚಿಕ್ಕದು, ಎರಡು ದೊಡ್ಡ ಪೆಟ್ಟಿಗೆ ಬಿಚ್ಚಿಟ್ಟರೆ ಬಾತ್‌ರೂಮಿಗೆ ಹೋಗಲು ಹಾರಬೇಕಾಗುತ್ತದೆ. ತೂಗಲು ಹೊಸ ಯಂತ್ರ ಬೇಡ. ಮನೆಯ ತೂಕದ ಮಷಿನ್ ಮೇಲೆ ಬ್ಯಾಗು ಹಿಡಿದು ನಿಲ್ಲಿ, ಆಮೇಲೆ ಬರಿಗೈಲಿ ನಿಲ್ಲಿ, ಕಳೆಯಿರಿ.

ಇನ್ನು ಬಟ್ಟೆ. ಎಲ್ಲರೂ ‘ದಿನಕ್ಕೆ ಎರಡು ಜೊತೆ’ ಎಂದು ಗುಣಿಸುತ್ತಾರೆ. ನಾನು ನಮ್ಮ ಗುಂಪಿನವರಿಗೆ ಸಂಜೆಗಳನ್ನು ಮಾತ್ರ ಎಣಿಸಲು ಹೇಳುತ್ತೇನೆ. ಹಗಲು ನೀವು ಈಜುಕೊಳದ ಹತ್ತಿರ ಇರುತ್ತೀರಿ, ಇಲ್ಲವೇ ಪೆನಾಂಗ್‌ನ ಬಿಸಿಲಲ್ಲಿ ಬೆವರುತ್ತಿರುತ್ತೀರಿ. ಆ ಬಟ್ಟೆಯನ್ನು ಯಾರೂ ನೋಡುವುದಿಲ್ಲ. ಎರಡು ಜೊತೆ ತೆಳು ಕಾಟನ್ ಅಥವಾ ಬೇಗ ಒಣಗುವ ಬಟ್ಟೆ ಸಾಕು. ರಾತ್ರಿ ಜಾಲಿಸಿ ಹಾಕಿದರೆ ಬೆಳಿಗ್ಗೆಗೆ ಒಣಗುತ್ತದೆ. ಎಷ್ಟೋ ಹಡಗುಗಳಲ್ಲಿ ಶವರ್ ಮೇಲ್ಗಡೆ ಒಂದು ಸಣ್ಣ ದುಂಡು ಡಬ್ಬಿ ಇರುತ್ತದೆ. ಅದನ್ನು ಎಳೆದರೆ ದಾರ ಬರುತ್ತದೆ, ಎದುರು ಗೋಡೆಗೆ ಸಿಕ್ಕಿಸಿದರೆ ಬಟ್ಟೆ ಒಣಹಾಕುವ ಹಗ್ಗ ಆಯಿತು. ಬಹಳ ಜನ ಅದನ್ನು ನೋಡುವುದೇ ಇಲ್ಲ.

ಸಂಜೆಗೆ ಮೇಲಿನ ಬಟ್ಟೆ ಮೂರು, ಕೆಳಗಿನದು ಎರಡು, ಅದಲು ಬದಲು ಮಾಡಿ. ಜೀನ್ಸ್ ಒಂದೇ ಇರಲಿ, ಅದನ್ನು ವಿಮಾನದಲ್ಲಿ ಹಾಕಿಕೊಂಡೇ ಹೋಗಿ. ಒಂದು ಜೀನ್ಸ್ ತೂಕದಲ್ಲಿ ಎರಡು ಮೂರು ಕುರ್ತಾ ಬರುತ್ತವೆ. ಶೂ ಕೂಡ ಕಾಲಲ್ಲೇ ಇರಲಿ. ಬ್ಯಾಗಿನಲ್ಲಿ ಒಂದು ರಬ್ಬರ್ ಚಪ್ಪಲಿ, ಸಂಜೆಗೊಂದು ಚಪ್ಪಟೆ ಚಪ್ಪಲಿ ಸಾಕು. ನಾನು ನೋಡಿದ ಭಾರದ ಬ್ಯಾಗುಗಳಲ್ಲಿ ಜಾಸ್ತಿ ಸಲ ಸಿಕ್ಕಿದ್ದು ನಾಲ್ಕನೇ ಜೊತೆ ಪಾದರಕ್ಷೆ.

4 ರಾತ್ರಿಯ ಕ್ರೂಸ್‌ನಲ್ಲಿ ಒಂದು ಸಂಜೆ ಚೆನ್ನಾಗಿ ಉಟ್ಟು ಊಟಕ್ಕೆ ಹೋಗುವ ಪದ್ಧತಿ ಇರುತ್ತದೆ. ಅದಕ್ಕೆ ಒಂದು ಮೈಸೂರು ಸಿಲ್ಕ್ ಸಾಕು. ಮಡಚಿದರೆ ಅಂಗೈ ಅಗಲ ಆಗುತ್ತದೆ, ಸುಕ್ಕೂ ಹೆಚ್ಚು ಬೀಳುವುದಿಲ್ಲ. ದಪ್ಪ ಜರಿಯ ಕಂಜೀವರಂ ಮನೆಯಲ್ಲೇ ಇರಲಿ. ಅದಕ್ಕೊಂದು ಪೆಟ್ಟಿಗೆ, ಒಡವೆಗೊಂದು ಡಬ್ಬಿ ಎಂದು ಬೆಳೆಯುತ್ತಲೇ ಹೋಗುತ್ತದೆ. ಟವೆಲ್ ಬೇಡವೇ ಬೇಡ. ರೂಮಿನಲ್ಲಿ ಇರುತ್ತದೆ, ಈಜುಕೊಳದ ಹತ್ತಿರವೂ ಕೊಡುತ್ತಾರೆ. ಒಂದು ಶಾಲು ಮಾತ್ರ ಮರೆಯಬೇಡಿ. ಥಿಯೇಟರ್ ಎಸಿಯಲ್ಲಿ ಹಿರಿಯರು ನಡುಗಿಹೋಗುತ್ತಾರೆ.

ಅದೇ ಸದಸ್ಯೆ: ಬಟ್ಟೆ ಅರ್ಥ ಆಯಿತು ಸರ್. ಅತ್ತೆಯವರ ಬುತ್ತಿ? ದಿನಾ ಪೂಜೆ ಮಾಡದೆ ಕಾಫಿನೂ ಕುಡಿಯುವುದಿಲ್ಲ ಅವರು.

ಉತ್ತರ: ಇದು ಸ್ವಲ್ಪ ನಾಜೂಕಿನ ವಿಷಯ. ನೇರವಾಗಿ ಹೇಳುತ್ತೇನೆ, ಅಮ್ಮನವರಿಗೆ ನೀವು ಮೆತ್ತಗೆ ಹೇಳಿ.

ರೊಟ್ಟಿ, ಚಟ್ನಿಪುಡಿ ವಿಮಾನಕ್ಕೆ ತೊಂದರೆಯಿಲ್ಲ, ಚೆಕ್‌ಇನ್ ಬ್ಯಾಗಿನಲ್ಲಿ ಹಾಕಿ. ಸಿಂಗಪುರದ ಹೋಟೆಲಿನ 2 ದಿನಕ್ಕೆ ಆಗುವಷ್ಟು ಮಾತ್ರ. ಹಡಗು ಹತ್ತುವಾಗ ಸಾಮಾನ್ಯವಾಗಿ ಸೀಲ್ ಇರುವ ಕಂಪನಿ ಪ್ಯಾಕೆಟ್ ಬಿಡುತ್ತಾರೆ, ಮನೆಯಲ್ಲಿ ಮಾಡಿದ್ದು ಬಿಡುವುದಿಲ್ಲ. ಏಷ್ಯಾದ ಈ ಮಾರ್ಗಗಳಲ್ಲಿ ಬಫೆಯಲ್ಲಿ ಅನ್ನ, ದಾಲ್, ಪಲ್ಯ ಇದ್ದೇ ಇರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೇಡ ಎಂದಿದ್ದರೆ ಈಗಲೇ ನಿಮ್ಮ ಏಜೆಂಟ್ ಮೂಲಕ ಬರೆಸಿ.

ಅಂಟಿನುಂಡೆ ಬೇಡ. ಕಾರಣ ಗಸಗಸೆ. ನಮಗೆ ಅದು ಅಡುಗೆ ಸಾಮಾನು, ಸಿಂಗಪುರದಲ್ಲಿ ಅದರ ಮೇಲೆ ಮಾದಕವಸ್ತು ವಿಭಾಗದವರ ಕಣ್ಣಿದೆ. ಒಣಕೊಬ್ಬರಿ ಗಿಟುಕನ್ನೂ ಇಡಬೇಡಿ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂದು ವಿಮಾನದಲ್ಲಿ ಅದು ನಿಷಿದ್ಧ. ಉಪ್ಪಿನಕಾಯಿಯನ್ನು ಕೈಬ್ಯಾಗಿನಲ್ಲಿ ಹಾಕಬೇಡಿ, ಸೆಕ್ಯುರಿಟಿಯಲ್ಲಿ ತೆಗೆದಿಡುತ್ತಾರೆ.

ಪೂಜೆಗೆ ಒಂದು ಸಣ್ಣ ಫೋಟೊ, ಅರಿಶಿನ ಕುಂಕುಮದ ಭರಣಿ, ಬ್ಯಾಟರಿ ದೀಪ. ಊದುಬತ್ತಿ, ಕರ್ಪೂರ, ಬೆಂಕಿಪೊಟ್ಟಣ ಹುಬ್ಬಳ್ಳಿಯಲ್ಲೇ ಉಳಿಯಲಿ. ನಡುಸಮುದ್ರದಲ್ಲಿ ಹಡಗಿನವರು ಬೆಂಕಿಗೆ ಹೆದರುವಷ್ಟು ನೀರಿಗೂ ಹೆದರುವುದಿಲ್ಲ. ರೂಮಿನಲ್ಲಿ ಹೊಗೆ ಬಂದರೆ ಅಲಾರಂ ಹೊಡೆದುಕೊಳ್ಳುತ್ತದೆ.

ಪ್ರಶ್ನೆ (ಮೈಸೂರಿನ ಸದಸ್ಯರು): ಇದೇ ಕಾರಣಕ್ಕೆ ಇಸ್ತ್ರಿಪೆಟ್ಟಿಗೆ, ಕೆಟಲ್ ಕೂಡ ಬಿಡುವುದಿಲ್ಲವೇ? ಚಾರ್ಜರ್ ಸಂಗತಿ ಏನು? ನನ್ನ ಬಿಪಿ, ಶುಗರ್ ಮಾತ್ರೆಗಳೇ ಒಂದು ಚೀಲ ಇವೆ.

ಉತ್ತರ: ಹೌದು ಸರ್. ಇಸ್ತ್ರಿಪೆಟ್ಟಿಗೆ, ಸ್ಟೀಮರ್, ಕೆಟಲ್, ಎಕ್ಸ್‌ಟೆನ್ಷನ್ ಬೋರ್ಡ್ ಯಾವುದನ್ನೂ ಬಿಡುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಸಿಕ್ಕರೆ ತೆಗೆದಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ಸುಮ್ನೆ ಒಂದು ಕೆಜಿ ದಂಡ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ, ಒಂದು ಫ್ಲಾಸ್ಕ್ ಇಟ್ಟುಕೊಳ್ಳಿ.

ಪ್ಲಗ್ ವಿಷಯಕ್ಕೆ ಬಂದರೆ, ಹಡಗಿನಲ್ಲಿ ಸಾಮಾನ್ಯವಾಗಿ ಅಮೆರಿಕದ ಚಪ್ಪಟೆ ಪಿನ್ನಿನದೂ ಯುರೋಪಿನ ದುಂಡು ಪಿನ್ನಿನದೂ ಇರುತ್ತವೆ. ನಮ್ಮ ಮೊಬೈಲಿನ ತೆಳು ಎರಡು ಪಿನ್ ಚಾರ್ಜರ್ ಯುರೋಪಿನದಕ್ಕೆ ಕೂರುತ್ತದೆ. ಸಿಂಗಪುರದ ಹೋಟೆಲಿನಲ್ಲಿ ಮಾತ್ರ ಚೌಕ ಮೂರು ಪಿನ್, ಅದಕ್ಕೊಂದು ಅಡಾಪ್ಟರ್ ಬೇಕು. ಪವರ್‌ಬ್ಯಾಂಕ್ ಯಾವಾಗಲೂ ಕೈಬ್ಯಾಗಿನಲ್ಲಿ, ಚೆಕ್‌ಇನ್‌ನಲ್ಲಿ ಹಾಕಲೇಬಾರದು. 100 ವ್ಯಾಟ್-ಅವರ್ ಒಳಗಿದ್ದರೆ ಯಾರ ಅನುಮತಿಯೂ ಬೇಡ. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ಸಿಂಗಪುರ್ ಏರ್‌ಲೈನ್ಸ್‌ನಲ್ಲಿ 2025ರ ಏಪ್ರಿಲ್‌ನಿಂದ ವಿಮಾನದೊಳಗೆ ಪವರ್‌ಬ್ಯಾಂಕ್‌ನಿಂದ ಚಾರ್ಜ್ ಮಾಡುವಂತಿಲ್ಲ. ಮನೆಯಿಂದಲೇ ಫೋನ್ ತುಂಬಿಸಿಕೊಂಡು ಹೋಗಿ.

ಮಾತ್ರೆ ಕೈಬ್ಯಾಗಿಗೇ. ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಜೊತೆಗೆ. ಡಬ್ಬಿಗಳನ್ನು ಮನೆಯಲ್ಲಿ ಬಿಡಿ, ಜಾಗ ತಿನ್ನುವುದು ಅವೇ. ಕೋಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆ ಮಾತ್ರೆ ಇದ್ದರೆ ಸಿಂಗಪುರಕ್ಕೆ ಮೊದಲೇ ಅನುಮತಿ ಬೇಕಾಗಬಹುದು, ಹೊರಡುವ ಮುಂಚೆ ವಿಚಾರಿಸಿ. ಹಡಗಿನ ಡಾಕ್ಟರ್ ಫೀಸು ಬಹಳ ದುಬಾರಿ, ಹಾಗಾಗಿ ವಾಂತಿ ಮಾತ್ರೆಯನ್ನೂ ಇಲ್ಲಿಂದಲೇ ಬರೆಸಿಕೊಳ್ಳಿ.

ಕೈಬ್ಯಾಗಿನ ಬಗ್ಗೆ ಇನ್ನೊಂದು ಮಾತು. ಸಿಂಗಪುರದಲ್ಲಿ ಹಡಗು ಹತ್ತುವ ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ದೊಡ್ಡ ಬ್ಯಾಗಿಗೆ ಟ್ಯಾಗ್ ಹಾಕಿ ಅವರ ಕೈಗೆ ಕೊಡುತ್ತೀರಿ. ಅದು ರೂಮಿಗೆ ಬರುವಾಗ ಸಂಜೆಯಾದರೂ ಆಶ್ಚರ್ಯವಿಲ್ಲ. ಅಲ್ಲಿಯ ತನಕ ನಿಮ್ಮ ಹತ್ತಿರ ಇರುವುದು ಕೈಬ್ಯಾಗು ಮಾತ್ರ. ಪಾಸ್‌ಪೋರ್ಟ್, ಮಾತ್ರೆ, ಈಜುಡುಗೆ ಅದರಲ್ಲೇ ಇರಲಿ. ಮಧ್ಯಾಹ್ನ ಈಜುಕೊಳ ಖಾಲಿ ಇರುತ್ತದೆ. ಚೂಡಿದಾರದಲ್ಲಿ ಇಳಿಯಲು ಬಿಡುವುದಿಲ್ಲ, ನೈಲಾನಿನ ಉದ್ದ ತೋಳಿನ ಈಜುಡುಗೆ ಸಿಗುತ್ತದೆ, ಅದಕ್ಕೆ ತೂಕವೇ ಇಲ್ಲ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಕೊನೆಯ ರಾತ್ರಿ ಬ್ಯಾಗನ್ನು ರೂಮಿನ ಹೊರಗೆ ಇಡಬೇಕಂತೆ, ಹೌದಾ?

ಉತ್ತರ: ಹೌದು. ಸಾಮಾನ್ಯವಾಗಿ ರಾತ್ರಿ 11ರ ಸುಮಾರಿಗೆ ಬಾಗಿಲ ಹೊರಗೆ ಇಡಿ ಅನ್ನುತ್ತಾರೆ. ಬೆಳಿಗ್ಗೆ ಅದು ಟರ್ಮಿನಲ್‌ನಲ್ಲಿ ಸಿಗುತ್ತದೆ. ನಮ್ಮ ಗುಂಪಿನ ಒಬ್ಬ ಯಜಮಾನರ ಹೆಂಡತಿ ಬಹಳ ಅಚ್ಚುಕಟ್ಟು. ರಾತ್ರಿಯೇ ಎಲ್ಲ ಮಡಚಿ, ಬ್ಯಾಗಿಗೆ ಬೀಗ ಹಾಕಿ ಹೊರಗಿಟ್ಟಿದ್ದಾರೆ. ಬೆಳಿಗ್ಗೆ ಯಜಮಾನರು ಲುಂಗಿಯಲ್ಲಿ ನನ್ನ ಬಾಗಿಲು ಬಡಿದರು. ನನ್ನ ಪ್ಯಾಂಟು ಅವರಿಗೆ ಗಿಡ್ಡ, ಆದರೂ ಅದರಲ್ಲೇ ಇಮಿಗ್ರೇಷನ್ ದಾಟಿದರು.

ಬ್ಯಾಗು ಹಗುರವಿದ್ದರೆ ಈ ತಾಪತ್ರಯವೇ ಇಲ್ಲ. ನೀವೇ ಎಳೆದುಕೊಂಡು ಮೊದಲ ತಂಡದಲ್ಲಿ ಇಳಿಯಬಹುದು. ಅದೇ ದಿನ ವಿಮಾನ ಇರುವವರಿಗೆ ನಾನು ಇದನ್ನೇ ಹೇಳುವುದು.

ಪ್ರಶ್ನೆ (ದಾವಣಗೆರೆಯ ಸದಸ್ಯರು): ನಾವು ಮುಂಬೈಯಿಂದ ಗೋವಾ ಕಡೆ ಹೋಗುವ ಕಾರ್ಡೆಲಿಯಾ ಹಡಗಿಗೆ ಹೋಗುತ್ತಿದ್ದೇವೆ. ಇದೇ ಲೆಕ್ಕವೇ?

ಉತ್ತರ: ವಿಮಾನದಲ್ಲಿ ಮುಂಬೈಗೆ ಹೋದರೆ ಇದೇ 15 ಮತ್ತು 7. ರೈಲಿನಲ್ಲಿ ಹೋದರೆ ಸ್ಲೀಪರ್‌ನಲ್ಲೇ 40 ಕೆಜಿ ತನಕ ಉಚಿತ. ಆದರೂ 2–3 ರಾತ್ರಿಗೆ ಒಂದು ಕೈಬ್ಯಾಗು ಸಾಕು ಸರ್, ಚೆಕ್‌ಇನ್ ಯಾಕೆ? ಒಂದೇ ಗಮನಿಸಿ: ಕೈಬ್ಯಾಗು ಮಾತ್ರ ಒಯ್ಯುವುದಾದರೆ ಕತ್ತರಿ, ಶೇವಿಂಗ್ ಬ್ಲೇಡು ಇರಬಾರದು. ಗುರುತಿನ ಚೀಟಿಯ ಮೂಲ ಪ್ರತಿ ಇಟ್ಟುಕೊಳ್ಳಿ, ಮೊಬೈಲಿನ ಫೋಟೊ ನಂಬಬೇಡಿ.

ಹುಬ್ಬಳ್ಳಿಯ ಸದಸ್ಯೆ: ಕೊನೆಯದು ಸರ್. ಮಾವನವರು ಕೋಟು ಹೊಲಿಸುತ್ತೇನೆ ಅನ್ನುತ್ತಿದ್ದಾರೆ, ಆ ಒಂದು ಸಂಜೆಗೆ.

ಉತ್ತರ: ಬೇಡ ಅನ್ನಿ ಮೇಡಂ. ಬಿಳಿ ಪಂಚೆ, ಜುಬ್ಬಾ, ಶಲ್ಯ ನಡೆಯುತ್ತದೆ, ಅದೂ ಸಂಪ್ರದಾಯದ ಉಡುಗೆಯೇ. ಡೈನಿಂಗ್ ಹಾಲ್‌ನಲ್ಲಿ ತಕರಾರು ಮಾಡುವುದು ಚಡ್ಡಿ, ರಬ್ಬರ್ ಚಪ್ಪಲಿ ಕಂಡರೆ. ಪಂಚೆಗೆ ಬೆಲ್ಟ್ ಕಟ್ಟಲು ಹೇಳಿ, ಹಡಗು ಸ್ವಲ್ಪ ಓಲಾಡುತ್ತದೆ.