ಧರ್ಮಕ್ಕೆ ಯಾವುದು ಅತ್ಯಗತ್ಯವೆಂದು ನ್ಯಾಯಾಲಯ ತೀರ್ಮಾನಿಸಬಹುದೇ?

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ):
ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯವೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದು 1954ರಲ್ಲಿ ಸುಪ್ರೀಂ ಕೋರ್ಟ್ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಹೇಳಿತು. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಆದ್ದರಿಂದ ಅದಕ್ಕೆ ಸಂವಿಧಾನದ ಧಾರ್ಮಿಕ ಸ್ವಾತಂತ್ರ್ಯದ ರಕ್ಷಣೆಯಿಲ್ಲ ಎಂದು ತೀರ್ಪಿತ್ತಿತು. ನ್ಯಾಯಮೂರ್ತಿಗಳೇ ಧರ್ಮಗ್ರಂಥಗಳನ್ನು ಅರ್ಥೈಸುವ ಹಂತಕ್ಕೆ ನಾವು ಬಂದದ್ದು ಹೇಗೆ? ಇದಕ್ಕೆ ಪರ್ಯಾಯವಿದೆಯೇ?

ಉತ್ತರ 1 (ವಕೀಲರು):
ಶಿರೂರು ಪ್ರಕರಣದಲ್ಲಿದ್ದ ಪ್ರಶ್ನೆಯೇ ಬೇರೆ. ಮಠದ ಯಾವ ವ್ಯವಹಾರ ಧಾರ್ಮಿಕ, ಯಾವುದು ಲೌಕಿಕ ಎಂಬುದು ಅಲ್ಲಿ ಮುಖ್ಯವಾಗಿ ನಿರ್ಧಾರವಾಗಬೇಕಿತ್ತು. ನಿಗದಿತ ಹೊತ್ತಿಗೆ ದೇವರಿಗೆ ನೈವೇದ್ಯ ಅರ್ಪಿಸುವುದು, ನಿತ್ಯ ಪಾರಾಯಣ, ಅಗ್ನಿಗೆ ಆಹುತಿ ಇವೆಲ್ಲಕ್ಕೆ ಹಣ ಖರ್ಚಾಗುತ್ತದೆ ಎಂಬ ಮಾತ್ರಕ್ಕೆ ಅವು ಲೌಕಿಕವಾಗುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಹಾದಿ ತಿರುಗಿದ್ದು 1961ರ ಅಜ್ಮೀರ್ ದರ್ಗಾ ಪ್ರಕರಣದಲ್ಲಿ. ಮೂಢನಂಬಿಕೆಯಿಂದ ಹುಟ್ಟಿ ಧರ್ಮಕ್ಕೆ ಅಂಟಿಕೊಂಡ ಆಚರಣೆಗಳಿಗೆ ರಕ್ಷಣೆ ಇರಲಾರದೆಂದು ನ್ಯಾ. ಗಜೇಂದ್ರಗಡ್ಕರ್ ಬರೆದ ಮೇಲೆ, ಧರ್ಮದೊಳಗಿನ ಕಾಳು ಜೊಳ್ಳು ಬೇರ್ಪಡಿಸುವ ಹೊಣೆ ನ್ಯಾಯಪೀಠದ ಹೆಗಲೇರಿತು. ಅದು ಅದರ ಕೆಲಸವಲ್ಲವೆಂದೇ ನನ್ನ ನಂಬಿಕೆ.

ಉತ್ತರ 2 (ಕಾನೂನು ಅಧ್ಯಾಪಕರು):
ವಕೀಲರ ಇತಿಹಾಸ ಸರಿ, ತೀರ್ಮಾನವನ್ನು ನಾನು ಒಪ್ಪಲಾರೆ. 1962ರಲ್ಲಿ ಮುಸ್ಲಿಮರ ದಾವೂದಿ ಬೊಹ್ರಾ ಸಮುದಾಯದ ಧರ್ಮಗುರುವಿಗಿದ್ದ ಬಹಿಷ್ಕಾರದ ಅಧಿಕಾರವನ್ನು ಧಾರ್ಮಿಕ ವಿಷಯವೆಂದು ಒಪ್ಪಿ, ಬಹಿಷ್ಕಾರವನ್ನು ತಡೆಯಲು ಮುಂಬಯಿ ಪ್ರಾಂತ್ಯ ತಂದಿದ್ದ ಕಾಯ್ದೆಯನ್ನೇ ನ್ಯಾಯಾಲಯ ರದ್ದುಪಡಿಸಿತು. ಸಮುದಾಯದ ಸ್ಮಶಾನದಲ್ಲಿ ಜಾಗವನ್ನೂ ಕಳೆದುಕೊಳ್ಳುವ ವ್ಯಕ್ತಿಯ ಗತಿ ಏನು? ಮುಖ್ಯ ನ್ಯಾಯಮೂರ್ತಿ ಸಿನ್ಹಾ ಅವರ ಭಿನ್ನಮತವನ್ನು ದಯವಿಟ್ಟು ಓದಿ.

ಉತ್ತರ 3 (ಸಂಶೋಧಕರು):
ಆ ವ್ಯಕ್ತಿಯನ್ನು ಕಾಪಾಡಲು ಧರ್ಮದ ವ್ಯಾಖ್ಯಾನ ಬೇಕಿಲ್ಲ. 1958ರ ಮೂಲ್ಕಿ ವೆಂಕಟರಮಣ ದೇವಸ್ಥಾನದ ಪ್ರಕರಣವನ್ನೇ ನೋಡಿ. ಯಾರು ದೇಗುಲ ಪ್ರವೇಶಿಸಬಹುದೆಂಬುದು ಆಗಮಗಳ (ದೇವಾಲಯದ ಪೂಜಾವಿಧಿಯ ಶಾಸ್ತ್ರಗಳ) ಪ್ರಕಾರ ಧಾರ್ಮಿಕ ವಿಷಯವೇ ಎಂದು ನ್ಯಾಯಾಲಯ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡ ಮೇಲೂ, ಹಿಂದೂ ದೇವಾಲಯಗಳನ್ನು ಎಲ್ಲ ವರ್ಗಗಳಿಗೆ ತೆರೆಯಲು ಅವಕಾಶ ಕೊಡುವ ಸಂವಿಧಾನದ 25(2)(ಬಿ) ವಿಧಿಯೇ ಮೇಲೆಂದು ಹೇಳಿ ಬಾಗಿಲು ತೆರೆಸಿತು; ದೇವಸ್ಥಾನ ತಮ್ಮ ಪಂಥದ್ದೆಂದಿದ್ದ ಗೌಡ ಸಾರಸ್ವತರಿಗೆ ಉಳಿದದ್ದು ಕೆಲವು ವಿಶೇಷ ಸೇವೆಗಳ ಹೊತ್ತಿನ ಪ್ರತ್ಯೇಕತೆ ಮಾತ್ರ. ಇಲ್ಲಿ ಭಕ್ತರ ನಂಬಿಕೆಯನ್ನು ಸುಳ್ಳೆನ್ನದೆಯೇ ಹೊರಗುಳಿದವರಿಗೆ ನ್ಯಾಯ ಸಿಕ್ಕಿತು. 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾ. ಚಂದ್ರಚೂಡ್ ಅವರೂ ಅತ್ಯಗತ್ಯತೆಯ ಪರೀಕ್ಷೆಯನ್ನು ಪ್ರಶ್ನಿಸಿದರು. 2022ರ ಅಕ್ಟೋಬರ್‌ನಲ್ಲಿ ಹಿಜಾಬ್ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಾಗ ನ್ಯಾ. ಧೂಲಿಯಾ ಅದರ ಗೋಜಿಗೇ ಹೋಗದೆ ಆಯ್ಕೆಯ ಸ್ವಾತಂತ್ರ್ಯವನ್ನು ಎತ್ತಿಹಿಡಿದರು. ಈ ಹಾದಿಯಲ್ಲೂ ತೊಡಕಿದೆ. 25ನೇ ವಿಧಿಯು ಮೂಲಭೂತ ಹಕ್ಕುಗಳ ಭಾಗದ ಇತರ ಉಪಬಂಧಗಳಿಗೆ ಒಳಪಟ್ಟಿದೆ, ಆದರೆ ಪಂಥಗಳ ಹಕ್ಕನ್ನು ಹೇಳುವ 26ನೇ ವಿಧಿಯಲ್ಲಿ ಆ ಮಾತು ಇಲ್ಲ. ಪರ್ಯಾಯವನ್ನು ಬಯಸುವ ನಾವು ಮೊದಲು ಉತ್ತರಿಸಬೇಕಾದದ್ದು ಇದಕ್ಕೆ.